ಉಪದೇಶಿ ಮನೆಯ ಶನಿವಾರದ ಕೂಟ

ನಾನು ಮಿಷನ್ನಿನ ಹುಡುಗಿಯರ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಏಳುವುದಕ್ಕೊಂದು ಗಂಟೆ, ಪ್ರಾರ್ಥನೆಗೊಂದು ಗಂಟೆ, ತಲೆ ಬಾಚಿಕೊಳ್ಳುವುದಕ್ಕೂ ಒಂದು ಗಂಟೆ. ಮದುವೆಯಾಗಿ ಪುರವರದ ಹತ್ತಿರದ ಹಳ್ಳಿಗೆ ಬಂದಾಗ, ಎರಡು ಸೀರೆಗಳ ನಡುವೆ ಒಂದು ಹಿತ್ತಾಳೆ ಗಂಟೆಯನ್ನು ಸುತ್ತಿಟ್ಟುಕೊಂಡು ತಂದಿದ್ದೆ. ಯಜಮಾನರು ನೋಡಿ ನಕ್ಕರು. ಮಾರನೆಯ ಬೆಳಿಗ್ಗೆ ಐದಕ್ಕೆ ಅದನ್ನು ಬಾರಿಸಿದಾಗ ನಗಲಿಲ್ಲ.

ಅವರು ಮಿಷನ್ನಿನ ಉಪದೇಶಿ. ಊರೂರು ನಡೆದು ಯೇಸುವಿನ ಮಾತು ಹೇಳುವುದು ಅವರ ಕೆಲಸ. ನನ್ನದು ಬೆಳಿಗ್ಗೆ ಏಳರಿಂದ ಜಗಲಿಯ ಮೇಲೆ ಔಷಧಿ ಮೇಜು, ಹತ್ತರಿಂದ ಹೆಣ್ಣುಮಕ್ಕಳ ಶಾಲೆ. ಔಷಧಿಗೆ ನಾಲ್ಕು ಜನ ಬರುತ್ತಿದ್ದರು. ಶಾಲೆಗೆ ಬರುತ್ತಿದ್ದವರು ಮೂವರು. ತಳವಾರನ ಮನೆಯ ಅಕ್ಕತಂಗಿಯರು, ಮತ್ತು ನಿದ್ದೆ ಮಾಡುವುದಕ್ಕೆಂದೇ ಬರುತ್ತಿದ್ದ ಒಬ್ಬಳು.

ತುಮಕೂರಿನ ದೊಡ್ಡ ಪಾದ್ರಿಗಳು ನಮ್ಮನ್ನು ಕಳಿಸುವಾಗಲೇ ಹೇಳಿದ್ದರು: ವರ್ಷದೊಳಗೆ ಹತ್ತು ಹುಡುಗಿಯರು ಸೇರದಿದ್ದರೆ ಶಾಲೆ ಮುಚ್ಚುವುದು, ನಾನು ಹಾಸ್ಟೆಲಿಗೆ ಮೇಟ್ರನ್ ಆಗಿ ಹಿಂತಿರುಗುವುದು, ಯಜಮಾನರು ಬೇರೆ ಊರಿಗೆ. ಹದಿನಾಲ್ಕು ವರ್ಷ ಇನ್ನೊಬ್ಬರ ಗಂಟೆಗೆ ಎದ್ದವಳು ನಾನು. ನನ್ನದೇ ಗಂಟೆ, ನನ್ನದೇ ಒಲೆ, ಗಂಡನ ಜೊತೆ ಒಂದೇ ಸೂರು. ಅವನ್ನು ಬಿಟ್ಟು ಹೋಗುವ ಮನಸ್ಸು ನನಗೆ ಕಿಂಚಿತ್ತೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಕೆರೆ ಏರಿಯ ಮೇಲೆ ನಾಯಿಗಳು ಒಂದು ತಾಯಿ ಕೋತಿಯನ್ನು ಕಚ್ಚಿ ಕೊಂದವು. ಊರಿನವರು ಅದಕ್ಕೆ ಅರಿಸಿನ ಕುಂಕುಮವಿಟ್ಟು, ಹೂವು ಮುಡಿಸಿ, ವಾದ್ಯದ ಜೊತೆ ಮೆರವಣಿಗೆ ಮಾಡಿ ಮಣ್ಣು ಮಾಡಿದರು. ಅದರ ಎದೆಗೆ ಅಂಟಿಕೊಂಡಿದ್ದ ಮರಿಯನ್ನು ಗೌಡರ ತಾಯಿ ಸೆರಗಿನಲ್ಲಿ ಸುತ್ತಿಕೊಂಡು ನನ್ನ ಔಷಧಿ ಮೇಜಿನ ಮೇಲೆ ತಂದಿಟ್ಟಳು. ಆ ಮುದುಕಿ ಅದಕ್ಕೆ ಮೊದಲು ನಮ್ಮ ಜಗಲಿ ಹತ್ತಿದವಳೇ ಅಲ್ಲ. ಅವಳು ಹತ್ತದ ಜಗಲಿಯನ್ನು ಊರಿನ ಬೇರೆ ಹೆಂಗಸರೂ ಹತ್ತುತ್ತಿರಲಿಲ್ಲ.

ಇದು ಮನುಷ್ಯರ ಔಷಧಿ ಎಂದೆ.

"ಹಸುಗೂಸು ಕಣವ್ವ. ಯಾರ್ದಾದ್ರೇನು, ಒಸಿ ಹಾಲು ಕುಡ್ಸು," ಎಂದು ಹೊಗೆಸೊಪ್ಪು ಅಗಿಯುತ್ತ ಹೊರಟುಹೋದಳು.

ಹತ್ತಿಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ, ಎರಡು ಗಂಟೆಗೊಮ್ಮೆ ಚೀಪಿಸಿದೆ. ಪ್ರತಿ ಸಲವೂ ಗಂಟೆ ಬಾರಿಸಿಯೇ ಕೊಟ್ಟೆ, ಮರಿಗೂ ಶಿಸ್ತು ಬರಲಿ ಎಂದು. ಅದು ಕಲಿತಿತು, ಆದರೆ ನಾನು ಎಣಿಸಿದ ರೀತಿಯಲ್ಲಲ್ಲ. ಗಂಟೆ ಬಾರಿಸಿದರೆ ಹಾಲು ಬರುತ್ತದೆ ಎಂದು ತಿಳಿದುಕೊಂಡು, ಮೂರು ತಿಂಗಳು ತುಂಬುವಷ್ಟರಲ್ಲಿ ಗಂಟೆ ತೂಗುಹಾಕಿದ್ದ ಗೂಟ ಹತ್ತಿ ತಾನೇ ಬಾರಿಸಲು ಶುರುಮಾಡಿತು. ಒಂದು ದಿನ ಬೆಳಗಿನ ಪ್ರಾರ್ಥನೆ ಮೂರು ಸಲ ಆಯಿತು. ಇನ್ನೊಂದು ದಿನ ಹನ್ನೊಂದಕ್ಕೇ ಶಾಲೆ ಬಿಟ್ಟಿತು. ಮಲಗಿದ್ದವಳು ಎಲ್ಲರಿಗಿಂತ ಮೊದಲು ಓಡಿದಳು. ಗಂಟೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಮರಿ ನನ್ನ ಹೆಗಲ ಮೇಲೆ ಕುಳಿತು ಬೀಗವನ್ನೇ ನೋಡುತ್ತಿತ್ತು. ಪ್ರಾರ್ಥನೆಯ ಹೊತ್ತಿಗೆ ಮಾತ್ರ ಯಜಮಾನರ ತೊಡೆಯ ಮೇಲೆ ಕುಳಿತು, ಅವರು ಕಣ್ಣು ಮುಚ್ಚಿದ ಕೂಡಲೇ ರೆಪ್ಪೆ ಬಿಡಿಸಿ ಒಳಗೇನಿದೆ ಎಂದು ಹುಡುಕುತ್ತಿತ್ತು. ನಗು ತಡೆಯಲಾರದೆ ಅವರ 'ಆಮೆನ್' ಬರಬರುತ್ತ ಬಲು ಬೇಗ ಬರತೊಡಗಿತು.

ಒಂದು ಶನಿವಾರ ಮುದುಕಿ ಬಾಳೆಹಣ್ಣು ಹಿಡಿದು ಮರಿಯನ್ನು ನೋಡಲು ಬಂದಳು. ಮುಂದಿನ ಶನಿವಾರ ಸೊಸೆಯರು ಬಂದರು, ಅದರ ಮುಂದಿನ ವಾರ ಇಡೀ ಕೇರಿ. ಹನುಮಂತರಾಯನ ವಾರವಲ್ಲವೇ, ಬಾಳೆಹಣ್ಣಿನ ಹಿಂದೆ ತೆಂಗಿನಕಾಯಿ ಬಂತು, ಕಾಯಿಯ ಹಿಂದೆ ಕುಂಕುಮದ ಬಟ್ಟಲು. ಯಜಮಾನರು ಜಗಲಿಯ ಮೇಲೆ ನಿಂತು, ಇದು ದೇವರಲ್ಲ, ಬರೀ ಕೋತಿ ಎಂದು ವಿವರವಾಗಿ ತಿಳಿಸಿದರು. ಹೆಂಗಸರು ಕೊನೆಯವರೆಗೂ ಕೇಳಿದರು. "ಊಂ ಸ್ವಾಮಿ, ಕೋತಿನೇಯ," ಎಂದು ಒಪ್ಪಿ, ಅದಕ್ಕೆ ಕೈಮುಗಿದರು.

ನನಗೆ ಬೇರೆಯೇ ಯೋಚನೆ. ಬಂದವರಲ್ಲಿ ಅರ್ಧ ಜನಕ್ಕೆ ಕಣ್ಣು ಕೆಂಪು, ಮಕ್ಕಳ ಬೆರಳ ಸಂದಿಯಲ್ಲೆಲ್ಲ ಕಜ್ಜಿ. ಒಂದು ನಿಯಮ ಮಾಡಿದೆ: ಮೊದಲು ಸೋಪಿನಲ್ಲಿ ಕೈ ತೊಳೆಯಬೇಕು, ಆಮೇಲೆ ಮೇಜಿನ ಮುಂದೆ ನಿಂತು ಕಣ್ಣಿಗೆ ಔಷಧಿ, ಕಜ್ಜಿಗೆ ಮುಲಾಮು, ಆಮೇಲೆ ಕೋತಿ. ಮರಿಗೆ ಕಾಯಿಲೆ ತಗಲೀತು ಎಂದು ಹೇಳಿದ್ದಕ್ಕೆ ಯಾರೂ ಎದುರು ಮಾತಾಡಲಿಲ್ಲ. ತಮ್ಮ ಮಕ್ಕಳಿಗೆ ಕಾಯಿಲೆ ಬರುತ್ತದೆ ಎಂದು ಆರು ತಿಂಗಳು ಹೇಳಿದ್ದನ್ನು ಮಾತ್ರ ಒಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ತಪ್ಪಾದದ್ದು ವರದಿಯಲ್ಲಿ. ತಿಂಗಳ ವರದಿಯ ಕಾಗದದಲ್ಲಿ 'ವಾರದ ಕೂಟಕ್ಕೆ ಬಂದವರು' ಎಂದು ಒಂದು ಕಾಲಂ ಇತ್ತು. ಯಜಮಾನರು ಸುಳ್ಳು ಬರೆಯದ ಮನುಷ್ಯ. ಶನಿವಾರ, ಅರವತ್ತು ಎಂದು ಬರೆದರು. ಏತಕ್ಕೆ ಬಂದರು ಎನ್ನುವುದಕ್ಕೆ ಕಾಲಂ ಇರಲಿಲ್ಲ, ಅದನ್ನು ಬರೆಯಲಿಲ್ಲ. ಕಾಗದವನ್ನು ನಾನೂ ಓದಿದೆ. ಎಲ್ಲ ಕಾಲಂಗಳೂ ಭರ್ತಿಯಾಗಿವೆ ಎಂದು ಸಂತೋಷಪಟ್ಟು ಲಕೋಟೆಗೆ ಅಂಟು ಹಚ್ಚಿದೆ.

ದೊಡ್ಡ ಪಾದ್ರಿಗಳು ಹಿಗ್ಗಿ, ಈ ಕೂಟವನ್ನು ಕಣ್ಣಾರೆ ನೋಡಬೇಕೆಂದು ಶನಿವಾರವೇ ಜಟಕಾದಲ್ಲಿ ಬಂದಿಳಿದರು. ಯಜಮಾನರು ಉಪದೇಶಕ್ಕೆ ಕೂರುತ್ತಿದ್ದ ಕುರ್ಚಿಯಲ್ಲಿ ಕೋತಿ ಕುಳಿತಿತ್ತು. ಹಣೆಯ ಮೇಲೆ ಕುಂಕುಮ, ಕೊರಳಲ್ಲಿ ಸೇವಂತಿಗೆ ಸರ, ಸುತ್ತ ಅರವತ್ತು ಜನ. ಒಬ್ಬರೂ ಕಡಿಮೆ ಇರಲಿಲ್ಲ.

ಪಾದ್ರಿಗಳು ಒಳಗೆ ಬಂದು ಟೀ ಕುಡಿದರು. ಅವರು ವಿಲಾಯಿತಿಯಿಂದ ಬಂದು ಪುಸ್ತಕದಿಂದ ಕನ್ನಡ ಕಲಿತವರು. "ಈ ಪ್ರಾಣಿಯು ಇಂದೇ ಹೊರಡತಕ್ಕದ್ದು," ಎಂದರು. "ಮುಂದಿನ ಶನಿವಾರ ನಾನು ಪುನಃ ಬರುವೆನು. ಅದಿಲ್ಲದೆ ಎಷ್ಟು ಮಂದಿ ಬರುವರೋ ನೋಡಿ, ಶಾಲೆಯ ವಿಷಯವನ್ನು ಅಂದೇ ತೀರ್ಮಾನಿಸುವೆನು."

ಯಜಮಾನರು ಕೋತಿಯನ್ನು ಬುಟ್ಟಿಯಲ್ಲಿ ಕೂರಿಸಿ, ಗಾಡಿ ಕಟ್ಟಿಸಿಕೊಂಡು ಸಿರಾಕ್ಕೆ ಹೋದರು. ಅಲ್ಲಿ ಹಣ್ಣಿನ ಅಂಗಡಿಯ ಸಾಬರೊಬ್ಬರು ಅವರಿಗೆ ಸ್ನೇಹಿತರು. ಹಣ್ಣಿನ ಅಂಗಡಿಯಲ್ಲಿ ಕೋತಿಯನ್ನು ಬಿಡುವುದು ಎಂಥ ಸ್ನೇಹ ಎಂದು ಕೇಳಿದೆ. ಆ ವಾರ ಪ್ರಾರ್ಥನೆ ಸರಿಯಾದ ಹೊತ್ತಿಗೆ, ಸರಿಯಾದ ಉದ್ದಕ್ಕೆ ನಡೆಯಿತು. ಇಬ್ಬರಿಗೂ ಅದು ರುಚಿಸಲಿಲ್ಲ. ಕೈ ಸುಮ್ಮನಿರಲಾರದೆ ನಾನು ಮೇಟ್ರನ್ ಕೆಲಸಕ್ಕೆಂದು ಬಿಳಿ ಸೀರೆಗಳನ್ನು ಒಗೆದು ಗಂಜಿ ಹಾಕಿದೆ.

ಶನಿವಾರ ಏಳಕ್ಕೆ ಮೇಜು ಹಾಕಿದೆ. ದೊಡ್ಡ ಪಾದ್ರಿಗಳು ಕುರ್ಚಿಯಲ್ಲಿ ಕುಳಿತು ಗಡಿಯಾರ ತೆಗೆದಿಟ್ಟರು. ಏಳೂವರೆಯಾದರೂ ಯಾರೂ ಇಲ್ಲ. ಎಂಟಕ್ಕೆ ಬೀದಿಯ ತುದಿಯಲ್ಲಿ ಗದ್ದಲ ಕೇಳಿಸಿತು. ಅರವತ್ತಲ್ಲ, ನೂರಕ್ಕೂ ಮೇಲೆ ಹೆಂಗಸರು, ಮುಂದೆ ಗೌಡರ ತಾಯಿ. ಪಾದ್ರಿಗಳ ಮುಖ ಅರಳಿತು. ಕೋತಿಯಿಲ್ಲದೆಯೇ ಇಷ್ಟು ಜನವೇ ಎಂದು ಎದ್ದು ನಿಂತರು.

ಮುದುಕಿ ಜಗಲಿ ಹತ್ತಿ ಸೊಂಟಕ್ಕೆ ಕೈ ಕೊಟ್ಟಳು. "ಯಾವನ್ಲಾ ಅವ್ನು, ತಾಯಿಲ್ಲದ್ ಕೂಸ್ನ ಸಂತೆಗ್ ಅಟ್ದೋನು? ಈ ಕೆಂಪ್ ಮೂತಿಯೋನೇನಾ?"

ಹಳ್ಳಿಯ ಮಾತು ಪಾದ್ರಿಗಳಿಗೆ ಹಿಡಿಯಲಿಲ್ಲ. ಈ ತಾಯಿ ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದರು. ಯಜಮಾನರು ನನ್ನ ಕಡೆ ನೋಡಿದರು. ಕಾಲಂ ಇಲ್ಲವೆಂದು ಬಿಟ್ಟುಬಿಡುವ ತಪ್ಪನ್ನು ಎರಡನೆಯ ಸಲ ಮಾಡಬಾರದೆಂದು, ಮೂತಿಯ ಬಣ್ಣವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಇವರು ಕೂಟಕ್ಕೆ ಬಂದಿಲ್ಲ, ಕೋತಿಯನ್ನು ವಾಪಸು ಕೇಳಲು ಬಂದಿದ್ದಾರೆ ಎಂದೂ ಸೇರಿಸಿದೆ. ಅವರು ಮೆಲ್ಲಗೆ ಕುಳಿತುಕೊಂಡರು. ಹಾಗಾದರೆ ಶಾಲೆಗೆ ಮೂವರೇ, ಮುಚ್ಚುವುದೇ ಸರಿ ಎಂದರು.

ಮುದುಕಿಗೆ ಅವರ ಪುಸ್ತಕದ ಕನ್ನಡ ಚೆನ್ನಾಗಿಯೇ ತಿಳಿಯಿತು. "ಮುಚ್ಚದು ಅಂದ್ರೆ? ಮೇಷ್ಟ್ರಮ್ಮ ಎಲ್ಲಿಗ್ ಹೋಗಾದು?"

ತುಮಕೂರಿನ ಹಾಸ್ಟೆಲಿಗೆ ಎಂದೆ. ಹತ್ತು ಹುಡುಗಿಯರ ಕರಾರನ್ನೂ ಹೇಳಿದೆ. ವರ್ಷವೆಲ್ಲ ಆ ಮಾತನ್ನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಬೇಡಿದಂತಾಗುತ್ತದೆ ಎಂದು ಬಿಗುಮಾನ.

ಅವಳು ಹೊಗೆಸೊಪ್ಪನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಇಷ್ಟೇಯ? ಬಾಯ್ ಬುಟ್ಟು ಏಳಾಕಿಲ್ವಾ ನೀನು. ಕೂಸು ನನ್ ಅಟ್ಟೀಗ್ ಬರ್ಲಿ, ನಿಮ್ ದೊಡ್ ಸ್ವಾಮಿಗೆ ಅದು ಕಣ್ಣಿಗ್ ಬೀಳಾಕಿಲ್ಲ. ಎಣ್ಮಕ್ಳುನ್ನ ನಾನ್ ಕಳುಸ್ತೀನಿ." ಹಿಂದಿರುಗಿ ನಿಂತು, ಸೊಸೆಯರು, ನೆರೆಹೊರೆಯವರು ಎಂದು ನೋಡದೆ ಒಬ್ಬೊಬ್ಬರಿಗೂ ಬೆರಳು ತೋರಿಸಿ ಎಣಿಸಿದಳು. ಹನ್ನೆರಡಾಯಿತು. ಬೆರಳು ತೋರಿಸಿಕೊಂಡವರು ಯಾರೂ ಮಿಸುಕಲಿಲ್ಲ.

ಇದನ್ನೂ ಹೇಳಿದೆ. ಒಂದು ಕಪಿಗೆ ಬದಲಾಗಿ ಹನ್ನೆರಡು ಮಂದಿ ವಿದ್ಯಾರ್ಥಿನಿಯರೋ ಎಂದು ಪಾದ್ರಿಗಳು ಕೇಳಿದರು. ಹೌದೆಂದೆ. ಅವರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, ಸಿರಾಕ್ಕೆ ಹೋಗಿಬರಲು ತಮ್ಮ ಜಟಕಾವನ್ನೇ ಕೊಟ್ಟರು. ಅಂಗಡಿಯ ಸಾಬರು ಕೋತಿಯ ಜೊತೆಗೆ, ಅದು ಕಚ್ಚಿಟ್ಟ ಹಣ್ಣನ್ನೂ ಒಂದು ಬುಟ್ಟಿ ತುಂಬ ಕೊಟ್ಟು ಕಳಿಸಿದರಂತೆ. ಸ್ನೇಹ ಮಾತ್ರ ಉಳಿಯಿತು.

ಸೋಮವಾರ ಹನ್ನೆರಡೂ ಹುಡುಗಿಯರು ಬಂದರು. ಅವರಿಗೆ ಸಾಲಾಗಿ ಕೂರುವುದನ್ನು ಕಲಿಸಲು ಒಂದು ವಾರ, ಹಲ್ಲುಜ್ಜಿ ಬರುವುದನ್ನು ಕಲಿಸಲು ಎರಡು ವಾರ ಹಿಡಿಯಿತು.

ತಿಂಗಳು ಕಳೆಯುವಷ್ಟರಲ್ಲಿ ಕೋತಿ ಗೌಡರ ಮನೆಯ ಹೆಂಚು ತೆಗೆದು, ಉಪ್ಪಿನಕಾಯಿ ಜಾಡಿಯನ್ನು ಬಾವಿಗೆ ಹಾಕಿ, ಮುದುಕಿಯ ಹೊಗೆಸೊಪ್ಪಿನ ಚೀಲವನ್ನು ಬೇವಿನ ಮರದ ತುದಿಗೆ ಸಿಕ್ಕಿಸಿತ್ತು. ಒಂದು ಮಧ್ಯಾಹ್ನ ಅವಳು ಶಾಲೆಯ ಬಾಗಿಲಿಗೆ ಬಂದು ನಿಂತಳು.

"ಮೇಷ್ಟ್ರಮ್ಮ, ಅದ್ನ ನೀನೇ ಮಡೀಕ. ಎಣ್ಮಕ್ಳು ಎಂಗೂ ಬತ್ತಾ ಅವೆ, ಬೇಡ ಅಂದ್ರೂ ನಿಲ್ಲಾಕಿಲ್ಲ."

ಕರಾರು ಕರಾರೇ ಎಂದೆ. ಒಳಗೆ ಹದಿನೈದು ಹುಡುಗಿಯರು ಮಗ್ಗಿ ಒಪ್ಪಿಸುತ್ತಿದ್ದರು, ನನಗೆ ಮಾತಾಡಲು ಪುರಸೊತ್ತಿರಲಿಲ್ಲ.