ಬಲಮಗ್ಗುಲಲ್ಲಿ ಮಲಗಿದ ಮಹಾಬಲ

ಮಹಾಬಲರಿಗೆ ಎರ್ನಾಕುಲಂನ ಹೈಕೋರ್ಟಿನಲ್ಲಿ ಅನುವಾದದ ಕೆಲಸ. ಕಾಸರಗೋಡಿನಿಂದ ಬರುವ ಕನ್ನಡ ದಸ್ತಾವೇಜುಗಳನ್ನು ಇಂಗ್ಲಿಷಿಗೆ ಇಳಿಸಬೇಕು. ಮನೆ ಆಲುವದಲ್ಲಿ, ದಿನಾ ರೈಲು. ಎಲೆ ಅಡಿಕೆ ಮುಟ್ಟದ ಈ ಮನುಷ್ಯ ನಲವತ್ತಾರನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಜಗಿಯಲು ಸುರುಮಾಡಿದರು. "ಈ ಪ್ರಾಯದಲ್ಲಿ ಇದೆಂತ ಚಟ ನಿಮಗೆ?" ಎಂದು ಹೆಂಡತಿ ಸೌದಾಮಿನಿ ಬೈದಳು. ಅವರು ನಕ್ಕು ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು.

೧೯೯೪ರ ಆಗಸ್ಟಿನ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕೆಮ್ಮು ನಿಲ್ಲಲೇ ಇಲ್ಲ. ಸೌದಾಮಿನಿ ಬಾಗಿಲು ದೂಡಿದಾಗ ಬೇಸಿನ್ನಿನ ಅರ್ಧದವರೆಗೂ ರಕ್ತವಿತ್ತು. ಕರವಸ್ತ್ರದ ರಕ್ತ ಎಲೆ ಅಡಿಕೆಯ ಕೆಂಪೆಂದು ತೋರಲೆಂದು ಮೂರು ತಿಂಗಳಿನಿಂದ ಎಲೆ ಜಗಿಯುತ್ತಿದ್ದರೆಂಬುದು ಅವಳಿಗೆ ಆಗ ತಿಳಿಯಿತು.

ಮೂವತ್ತರ ಪ್ರಾಯದಲ್ಲಿ ಮಹಾಬಲರಿಗೆ ಬಂದ ಕ್ಷಯ ವಾಸಿಯಾಗಿತ್ತು. ಆದರೆ ಅದು ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಪೊಳ್ಳು ಬಿಟ್ಟುಹೋಗಿತ್ತು. ಅದರೊಳಗೆ ಈಗ ಬೂಷ್ಟು ಬೆಳೆದು ಉಂಡೆಗಟ್ಟಿದೆ, ಮದ್ದಿಗೆ ಜಗ್ಗುವುದಿಲ್ಲ, ಆ ಭಾಗವನ್ನೇ ಕೊಯ್ದು ತೆಗೆಯಬೇಕು ಎಂದು ಹೇಳಿ ಎರ್ನಾಕುಲಂನ ಡಾಕ್ಟರರು ತಿರುವನಂತಪುರಕ್ಕೆ ಕಳಿಸಿದರು. ಹೈಸ್ಕೂಲಿಗೆ ಹೋಗುವ ಮಗಳು ಅನನ್ಯಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಹೊರಟರು.

ಅಲ್ಲಿನ ಸರ್ಜನ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಉಳಿದ ಶ್ವಾಸಕೋಶವೂ ಅಷ್ಟು ಚೆನ್ನಾಗಿಲ್ಲ. ಕೊಯ್ದರೆ ಉಸಿರು ಸಾಕಾಗುತ್ತದೋ ಇಲ್ಲವೋ ಹೇಳಲಾರೆ. ಕೊಯ್ಯದಿದ್ದರೆ ಇನ್ನೊಂದು ಸಲ ಹೀಗೆ ರಕ್ತ ಬಂದಾಗ ಉಸಿರು ಕಟ್ಟಬಹುದು" ಎಂದರು.

"ಹಾಗಾದರೆ ನಾವು ಎಂತ ಮಾಡಬೇಕು?" ಸೌದಾಮಿನಿ ತನ್ನ ಹರಕು ಮಲಯಾಳಂನಲ್ಲಿ ಕೇಳಿದಳು. ಡಾಕ್ಟರರು ಎಕ್ಸ್‌ರೇಯನ್ನು ಲಕೋಟೆಗೆ ಸೇರಿಸಿ, ಅಡ್ಮಿಟ್ ಮಾಡಲು ಚೀಟಿ ಬರೆದರು.

ಎಡಗಡೆಯ ಶ್ವಾಸಕೋಶಕ್ಕೆ ರಕ್ತ ಇಳಿಯಬಾರದೆಂದು ಮಹಾಬಲರನ್ನು ಬಲಮಗ್ಗುಲಿಗೇ ಮಲಗಿಸಿದರು. ಮಂಚದ ಬಲಕ್ಕೆ ಗೋಡೆಯಿದ್ದುದರಿಂದ ಸ್ಟೂಲಿನ ಮೇಲೆ ಕೂತ ಸೌದಾಮಿನಿಗೆ ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಏರಿ ಇಳಿಯುವುದನ್ನೇ ಅವಳು ಎರಡು ದಿನ ನೋಡಿದಳು. ಮೂರನೆಯ ಮಧ್ಯಾಹ್ನ ರಕ್ತ ಮತ್ತೆ ಉಕ್ಕಿತು. ಕೈಗೆ ಸಿಕ್ಕಿದ ಪಾತ್ರೆ ಹಿಡಿದು ನಿಲ್ಲುವುದೊಂದು ಬಿಟ್ಟರೆ ಅವಳಿಂದ ಬೇರೇನೂ ಆಗಲಿಲ್ಲ.

ಇನ್ನು ಕಾಯುವಂತಿಲ್ಲ, ಕೊಯ್ಯಲೇಬೇಕು, ಆರು ಬಾಟಲಿ ರಕ್ತ ಬೇಕು ಎಂದು ಡಾಕ್ಟರರು ಹೇಳಿದರು. ಸೌದಾಮಿನಿ ತೋಳು ಚಾಚಿದಳು. ಪರೀಕ್ಷೆ ಮಾಡಿ, "ನಿಮ್ಮ ಮೈಯಲ್ಲೇ ರಕ್ತ ಕಡಿಮೆ ಅಕ್ಕಾ, ತೆಗೆಯುವ ಹಾಗಿಲ್ಲ" ಎಂದು ತಿರುಗಿ ಕಳಿಸಿದರು. ಅವಳು ಅತ್ತದ್ದು ಆಗಲೇ. ಅದನ್ನು ನೋಡಿದ ನರ್ಸ್ ನಿರ್ಮಲ ತನ್ನ ನೆರೆಮನೆಯ ಕನ್ನಡದವರಿಗೆ ಫೋನು ಮಾಡಿದಳು. ಆ ಮನೆಯ, ತುಂಬದ ರಾಕೆಟ್ ಕೇಂದ್ರದಲ್ಲಿ ಕೆಲಸಕ್ಕಿದ್ದ ಧಾರವಾಡದ ವೀರಭದ್ರ ಜೊತೆಗೆ ಐದು ಮಂದಿ ಸಹೋದ್ಯೋಗಿಗಳನ್ನು ಕರೆದುಕೊಂಡು ಸಂಜೆಯೊಳಗೆ ಬಂದ. ಸೌದಾಮಿನಿ ಅವನನ್ನು ಮೊದಲು ಕಂಡವಳೂ ಅಲ್ಲ.

"ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ರಕ್ತದ್ದು ನಮಗ ಬಿಡ್ರಿ" ಎಂದ.

ಒಪ್ಪಿಗೆ ಪತ್ರ ಬಂತು. ಮಲಯಾಳಂ ಆಡಲು ಬರುತ್ತಿದ್ದ ಸೌದಾಮಿನಿಗೆ ಓದಲು ಬರುತ್ತಿರಲಿಲ್ಲ. ಆಕ್ಸಿಜನ್ ಮುಖವಾಡದ ಒಳಗಿಂದ ಮಹಾಬಲರೇ ಕಣ್ಣಾಡಿಸಿದರು.

"ಎಂತ ಬರೆದಿದ್ದಾರೆ?"

"ಪ್ರಾಣಕ್ಕೆ ಅಪಾಯ ಉಂಟು... ಅದಕ್ಕೆ ಯಾರೂ ಜವಾಬ್ದಾರರಲ್ಲ ಅಂತ." ಸ್ವಲ್ಪ ಸುಧಾರಿಸಿಕೊಂಡು ಹೇಳಿದರು: "ಸೈನ್ ಹಾಕು ಮಾರಾಯ್ತಿ. ಬೇರೆ ದಾರಿ ಇಲ್ಲ."

ಅವಳು ಹಾಕಿದಳು.

ಪಕ್ಕೆಲುಬಿಗೆ ಅಂಟಿಕೊಂಡಿದ್ದ ಶ್ವಾಸಕೋಶವನ್ನು ಬಿಡಿಸಿ ಆ ಭಾಗ ತೆಗೆಯಲು ಆರು ಗಂಟೆ ಹಿಡಿಯಿತು. ಮಹಾಬಲರು ಉಳಿದರು. ಆದರೆ ಉಳಿದ ಭಾಗದಿಂದ ಗಾಳಿ ಸೋರುತ್ತಲೇ ಇತ್ತು. ಎದೆಗೆ ಹಾಕಿದ ಕೊಳವೆಯ ತುದಿಯ ಬಾಟಲಿಯಲ್ಲಿ, ಪ್ರತಿ ಕೆಮ್ಮಿಗೂ ನೀರು ಗುಳುಗುಳು ಎನ್ನುತ್ತಿತ್ತು. "ಇದು ಯಾವಾಗ ನಿಲ್ಲುತ್ತದೆ?" ಎಂದು ಸೌದಾಮಿನಿ ದಿನವೂ ಕೇಳುವಳು. "ನೋಡೋಣ" ಎಂದು ಡಾಕ್ಟರರು ದಿನವೂ ಹೇಳುವರು. ಗುಳ್ಳೆ ನಿಂತದ್ದು ಇಪ್ಪತ್ತೇಳನೆಯ ದಿನ.

ರಕ್ತ ಮತ್ತೆ ಬರಲಿಲ್ಲ. ಉಸಿರು ಮಾತ್ರ ಅರ್ಧಕ್ಕೆ ಇಳಿದಿತ್ತು. ಊರಿಗೆ ಮರಳಿದ ದಿನ ಆಲುವ ಸ್ಟೇಷನ್ನಿನಲ್ಲಿ ಇಳಿದಾಗ ಹೊರಗೆ ಹೋಗಲು ಮೇಲ್ಸೇತುವೆ ಹತ್ತಬೇಕಾಯಿತು. ಐದನೆಯ ಮೆಟ್ಟಿಲಿನಲ್ಲಿ ಮಹಾಬಲರು ಕೂತುಬಿಟ್ಟರು.

"ನೀನು ಹೋಗಿ ರಿಕ್ಷಾ ಹಿಡಿ. ನಾನು ಮೆಲ್ಲ ಬರ್ತೇನೆ."

ಮೇಲಿನ ಮೆಟ್ಟಿಲುಗಳನ್ನು ಒಮ್ಮೆ ನೋಡಿ ಅವಳು ಚೀಲ ಕೆಳಗಿಟ್ಟು ಅವರ ಪಕ್ಕದಲ್ಲೇ ಕೂತಳು. ಜನ ಎರಡೂ ಬದಿಯಿಂದ ಹಾದುಹೋದರು. ಇನ್ನೊಂದು ರೈಲು ಬಂತು, ಖಾಲಿಯಾಯಿತು, ಹೋಯಿತು. ಇಬ್ಬರೂ ಅಲ್ಲೇ ಇದ್ದರು.