ಸಿಂಧು ಬಿಟ್ಟ ಒಂದು ಬೈಗುಳ

ಗೆಳೆಯರೇ, ಜಯನಗರದ ನಮ್ಮ ಮನೆಯಲ್ಲಿ ಇವತ್ತು ಯುದ್ಧ. ಮಗಳು ಸಿಂಧು, ತನ್ನ ಜೊತೆಗೇ ರ‍್ಯಾಪ್ ಕಲಿತ ಗೆಳೆಯ ಕಿರಣನನ್ನು ಬೈದು ಹಾಡು ಕಟ್ಟಿದ್ದಾಳೆ. ಕಾಲೇಜಿನ ಫೆಸ್ಟಿನಲ್ಲಿ ಅವನು ಇವಳ ಸಾಲುಗಳನ್ನು ತನ್ನವೆಂದು ಹಾಡಿದನಂತೆ. ಮೂರು ವಾರದಿಂದ ಇಬ್ಬರಿಗೂ ಮಾತಿಲ್ಲ.

ಬೆಳಿಗ್ಗೆ ಅಡುಗೆಮನೆಯಲ್ಲೇ ಹಾಡಿ ತೋರಿಸಿದಳು. ಅವನ ಕೂದಲು, ಅವರಪ್ಪನ ಹಳೇ ಸ್ಕೂಟರು, ಬಸ್ಸಿನಲ್ಲಿ ನಿದ್ದೆ ಹೋಗಿ ಉತ್ತರಹಳ್ಳಿ ಸ್ಟಾಪು ತಪ್ಪಿಸಿಕೊಳ್ಳುವುದು, ಒಂದನ್ನೂ ಬಿಟ್ಟಿರಲಿಲ್ಲ. ಹಾಡುವಾಗ ನೀರಿನಂತೆ ಹರಿಯುವ ಆ ಹುಡುಗನಿಗೆ ಮಾತಾಡುವಾಗ ತೊದಲು. ಅದೂ ಬಂದೀತೆಂದು ಅಂಜುತ್ತಲೇ ಕೇಳಿದೆ. ಬರಲಿಲ್ಲ.

"ಅವನ ಮಾತಿನ ಬಗ್ಗೆ ಏನೂ ಇಲ್ವಲ್ಲೇ?" ಎಂದೆ.

"ಥೂ, ಅದನ್ನೆಲ್ಲ ಹಾಕ್ತಾರೇನಮ್ಮ!" ಎಂದು ನನ್ನನ್ನೇ ಗದರಿದಳು.

ಮಧ್ಯಾಹ್ನ ಹಾಡು ಇಂಟರ್ನೆಟ್ಟಿಗೇರಿತು. ಸಂಜೆ ಕಿರಣನ ಫೋನ್. "ಆಂಟಿ, ಸಿ... ಸಿಂಧು ಇದಾಳಾ? ಎರಡನೇ ಚರಣದಲ್ಲಿ ಬೀಟ್ ಜಾರಿದೆ. ಸರಿ ಮಾಡಕ್ಕೆ ಹೇಳಿ, ಆಮೇಲೆ ನಾನು ಬೈತೀನಿ."

ಸಿಂಧು ನನ್ನ ಕೈಯಿಂದ ನನ್ನ ಫೋನ್ ಕಿತ್ತುಕೊಂಡು, "ಎಲ್ಲೋ ಜಾರಿದೆ?" ಎಂದು ಶುರುಮಾಡಿದವಳು ಒಂದು ಗಂಟೆಯಾದರೂ ಇಟ್ಟಿಲ್ಲ.

ನನಗೆ ಕರೆ ಮಾಡಿ ಲೈನ್ ಸಿಗದವರು ಕ್ಷಮಿಸಬೇಕು. ಇಲ್ಲಿ ಯುದ್ಧ ನಡೆಯುತ್ತಿದೆ.