ಮೂರು ಸಲ ಬಿಚ್ಚಿದ ಟ್ಯಾಂಕು

ನರ್ಸಕ್ಕ ಬೈಕು ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ. ಆಸ್ಪತ್ರೆಯ ಪರವಾಗಿ ಮನೆಮನೆಗೆ ಹೋಗಿ ಗಾಯ ತೊಳೆದು ಕಟ್ಟು ಹಾಕುವುದು ಆಕೆಯ ಕೆಲಸ. ಬಸ್ಸಿನಲ್ಲಿ ಓಡಾಡುತ್ತಿದ್ದಾಗ ಆರು ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಬೈಕು ಬಂದ ಮೇಲೆ ಆರು ಹನ್ನೊಂದಾಯಿತು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದವರು, ಹಾಸಿಗೆ ಹಿಡಿದು ಬೆನ್ನು ಕಿತ್ತುಹೋದವರು, ಮೇಲಿಂದ ಬಿದ್ದ ಒಬ್ಬ ಗಾರೆ ಮೇಸ್ತ್ರಿ, ಹೀಗೆ ಹನ್ನೊಂದು ಬಾಗಿಲು. ಮೇಸ್ತ್ರಿಯಂತೂ ಬೇರೆ ಯಾರಾದರೂ ಕಟ್ಟಿಗೆ ಕೈ ಹಾಕಿದರೆ ಊರು ಕೇಳುವಂತೆ ಕೂಗುತ್ತಿದ್ದ.

ಮೂರು ವರ್ಷ ಗಾಡಿ ಹೇಳಿದ ಮಾತು ಕೇಳಿತು. ಆಮೇಲೆ ಒಂದು ದಿನ ಅರ್ಧ ದಾರಿಯಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಹತ್ತು ನಿಮಿಷ ಬಿಟ್ಟರೆ ಹೊರಡುವುದು, ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುವುದು. ಪಕ್ಕದ ಬೀದಿಯ ಮೆಕ್ಯಾನಿಕ್ಕನ್ನು ಎಲ್ಲರೂ ಗಾಡಿ ಡಾಕ್ಟರು ಎನ್ನುತ್ತಿದ್ದರು. ನರ್ಸಕ್ಕ ಎರಡು ವಾರದಲ್ಲಿ ಮೂರು ಸಲ ಗಾಡಿಯನ್ನು ಅವನ ಅಂಗಡಿಗೆ ತಳ್ಳಿಕೊಂಡು ಹೋದಳು. ಪ್ರತಿ ಸಲವೂ ಅವನದು ಒಂದೇ ಮಾತು: "ಟ್ಯಾಂಕ್ ಪೂರ್ತಿ ಬಿಚ್ಚಿ ತೊಳೆದಿದ್ದೀನಿ ಸಿಸ್ಟರ್. ಇನ್ನು ಹೂವಿನ ಥರ ಹೋಗತ್ತೆ."

ಮೂರನೆಯ ಸಲ ಬೆಂಚಿನ ತುಂಬ ಜನ ಕೂತಿದ್ದರು. ಅವರ ಮುಂದೆ ಅವನು ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದ. "ಗಾಡೀಲಿ ಏನೂ ಇಲ್ಲ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ!"

ಬೆಂಚು ನಕ್ಕಿತು. ನಕ್ಕವರಲ್ಲಿ ಆಸ್ಪತ್ರೆಯ ಮ್ಯಾನೇಜರೂ ಇದ್ದರು. ಅವರ ಸ್ಕೂಟರೂ ಅಲ್ಲೇ ರಿಪೇರಿಗೆ ಬರುತ್ತಿತ್ತು.

ಶನಿವಾರ ಮ್ಯಾನೇಜರು ಆಕೆಯನ್ನು ಕರೆಸಿದರು. "ಸೋಮವಾರದಿಂದ ನಿಮ್ಮ ಹನ್ನೊಂದು ಮನೆ ಬೇರೆಯವರಿಗೆ. ನೀವು ಒಳಗೆ ಕೂತು ಚೀಟಿ ಬರೀರಿ."

"ಯಾಕೆ ಸಾರ್?"

"ಗಾಡಿ ಸರಿಯಾಗಿದೆ ಅಂತ ಬಿಚ್ಚಿದವನೇ ಹೇಳ್ತಾನೆ. ಓಡಿಸೋಕೆ ಬರದಿದ್ರೆ ರೋಗಿಗಳು ಕಾಯ್ಬೇಕೇನ್ರೀ?"

ನರ್ಸಕ್ಕನ ಬಾಯಿಂದ ಮಾತು ಹೊರಡಲಿಲ್ಲ. ಸಿಟ್ಟು ಬಂದಾಗ ಆಕೆಗೆ ಮಾತು ಹೊರಡುವುದೇ ಇಲ್ಲ; ಕಿವಿ ಮಾತ್ರ ಕೆಂಪಗಾಗುತ್ತದೆ. ಮನೆಯಲ್ಲಿ ಗಂಡ, "ಹೋಗ್ಲಿ ಬಿಡೇ, ನೆರಳಲ್ಲಿ ಕೂತು ಮಾಡೋ ಕೆಲಸ," ಎಂದ. "ನೆರಳು ಕೊಡಿ ಅಂತ ನಾನು ಯಾರನ್ನ ಕೇಳಿದ್ದೆ?" ಎಂದಳು.

ಭಾನುವಾರ ಬೆಳಿಗ್ಗೆ ಆಕೆ ಬೈಕನ್ನು ಹಿತ್ತಿಲಿಗೆ ತಂದು ನಿಲ್ಲಿಸಿದಳು. ಗಾಡಿಯ ಜೊತೆ ಬಂದಿದ್ದ ಪುಸ್ತಕವನ್ನು ಕಲ್ಲಿನ ಮೇಲೆ ತೆರೆದಿಟ್ಟು, ಗಾಳಿಗೆ ಪುಟ ಹಾರದಂತೆ ಕತ್ತರಿಯ ಭಾರ ಹೇರಿದಳು. ಅಡಿಗೆಮನೆಯ ಒಲೆ ಆರಿಸಿ ಬಂದ ಅತ್ತೆ ಮೆಟ್ಟಿಲ ಮೇಲೆ ಕೂತು, "ನಿನಗ್ಯಾಕಮ್ಮಾ ಈ ಉಸಾಬರಿ?" ಎಂದರು. ಆದರೆ ಎದ್ದು ಹೋಗಲಿಲ್ಲ.

ನರ್ಸಕ್ಕ ಕೆಲಸವನ್ನು ಡ್ರೆಸ್ಸಿಂಗ್ ಮಾಡುವ ಹಾಗೆಯೇ ಮಾಡಿದಳು. ಮೊದಲು ತಟ್ಟೆಯಲ್ಲಿ ಸ್ಪ್ಯಾನರು, ಇಕ್ಕಳ, ಬಟ್ಟೆ ಸಾಲಾಗಿ ಇಟ್ಟಳು. ಸೀಟು ತೆಗೆದಳು. ಕಿಡಿ ಹಾರಬಾರದೆಂದು ಬ್ಯಾಟರಿಯ ವೈರು ಬಿಡಿಸಿದಳು. ಪೆಟ್ರೋಲಿನ ನಲ್ಲಿ ತಿರುಗಿಸಿ ಮುಚ್ಚಿ, ಕ್ಲಿಪ್ಪು ಸರಿಸಿ ಪೈಪು ಎಳೆದಳು. ಇನ್ನು ಉಳಿದದ್ದು ಟ್ಯಾಂಕಿನ ಹಿಂಬದಿಯನ್ನು ಹಿಡಿದಿದ್ದ ಒಂದೇ ಬೋಲ್ಟು. ಅದನ್ನು ಬಿಚ್ಚದೆ ಟ್ಯಾಂಕು ಮೇಲೇಳುವುದಿಲ್ಲ ಎಂದು ಪುಸ್ತಕ ದಪ್ಪಕ್ಷರದಲ್ಲಿ ಹೇಳಿತ್ತು.

ಬೋಲ್ಟಿಗೆ ಸ್ಪ್ಯಾನರು ಹಚ್ಚಲು ಹೋದವಳು ಹಾಗೇ ನಿಂತಳು. ಬಗ್ಗಿ ನೋಡಿದಳು.

ಒಂದು ಕಟ್ಟನ್ನು ನೋಡಿದರೆ ಸಾಕು, ಅದನ್ನು ನಡುವೆ ಯಾರಾದರೂ ಬಿಚ್ಚಿದ್ದಾರೋ ಇಲ್ಲವೋ ಆಕೆ ಹೇಳಬಲ್ಲಳು. ಪಟ್ಟಿಯ ಅಂಚಿನಲ್ಲಿ ಸೇರಿಕೊಂಡ ಕೊಳೆಯ ಗೆರೆ ಸುಳ್ಳು ಹೇಳುವುದಿಲ್ಲ. ಇಲ್ಲಿ ಬೋಲ್ಟಿನ ತಲೆಗೂ ವಾಷರಿಗೂ ನಡುವೆ ಮೂರು ವರ್ಷದ ಕೆಸರು ಕಲ್ಲಾಗಿ ಕೂತಿತ್ತು. ಬೋಲ್ಟಿನ ಮೂಲೆಗಳ ಮೇಲಿನ ಕಪ್ಪು ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

"ಅತ್ತೆ," ಎಂದಳು ನರ್ಸಕ್ಕ. "ಇದನ್ನ ಯಾರೂ ಬಿಚ್ಚೇ ಇಲ್ಲ. ಒಂದು ಸಲನೂ ಬಿಚ್ಚಿಲ್ಲ."

ಅತ್ತೆ ಕನ್ನಡಕ ಏರಿಸಿಕೊಂಡು ಬಂದು ನೋಡಿದರು. "ಅಯ್ಯೋ ಮನೆಹಾಳ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ನಲ್ಲೇ!"

"ನಾನೀಗ ಬಿಚ್ಚಿಬಿಟ್ರೆ ಸಾಕ್ಷಿ ಹೋಗತ್ತೆ."

"ಮುಟ್ಟಬೇಡ ನೀನು. ಹೀಗೇ ಇರ್ಲಿ." ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ಮಂಡಿನೋವಿನವರು ಅಷ್ಟು ಬೇಗ ಬೀದಿ ದಾಟಿದ್ದನ್ನು ನರ್ಸಕ್ಕ ಕಂಡಿರಲಿಲ್ಲ.

ಗಾಡಿ ಡಾಕ್ಟರು ಅತ್ತೆಯ ಹಿಂದೆ ನಗುತ್ತಲೇ ಬಂದ. "ಏನ್ ಸಿಸ್ಟರ್, ನಮ್ಮ ಹೊಟ್ಟೆ ಮೇಲೆ ಹೊಡೀತೀರಾ? ಮನೇಲೇ ಅಂಗಡಿ ತೆಗೆದ್ರಾ?"

ಆಕೆ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟಳು. "ಬಿಚ್ಚಿ. ಮೂರು ಸಲ ಬಿಚ್ಚಿದ್ದೀರಲ್ಲ, ಇದು ನಾಲ್ಕನೇದು."

ಅವನು ಬಗ್ಗಿ ತಿರುಗಿಸಿದ. ಬೋಲ್ಟು ಅಲ್ಲಾಡಲಿಲ್ಲ. ಕಾಲು ಊರಿ ಎಳೆದ. ಸ್ಪ್ಯಾನರು ಜಾರಿ ಬೆರಳ ಗಂಟು ತರಚಿತು.

"ಎರಡು ದಿನಕ್ಕೇ ತುಕ್ಕು ಹಿಡಿದಿದೆ ನೋಡಿ," ಎಂದ.

"ಕೆಸರೂ ಎರಡು ದಿನಕ್ಕೇ ಕಲ್ಲಾಯ್ತಾ?" ಅತ್ತೆ ಕೇಳಿದರು. "ನಿನ್ನ ಬೋಲ್ಟು ನನಗಿಂತ ಬೇಗ ಮುದಿಯಾಗತ್ತಲ್ಲಪ್ಪ."

ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಕಾಲು ಗಂಟೆ ಒದ್ದಾಡಿದ ಮೇಲೆ ಬೋಲ್ಟು ಕಿರ್ರೆಂದು ಬಾಯಿಬಿಟ್ಟಿತು. ನರ್ಸಕ್ಕ ಟ್ಯಾಂಕಿನಿಂದ ಪೆಟ್ರೋಲ್ ಮೀಟರಿಗೆ ಹೋಗುವ ವೈರು ಬಿಡಿಸಿದಳು. ಟ್ಯಾಂಕಿನ ಹಿಂಬದಿ ಎತ್ತಿ, ತನ್ನ ಕಡೆ ಎಳೆದುಕೊಂಡು, ಹಸುಗೂಸನ್ನು ತಬ್ಬಿದ ಹಾಗೆ ಹೊರತೆಗೆದಳು. ಕ್ಯಾನಿನ ಬಾಯಿಗೆ ಗಾಯಕ್ಕೆ ಕಟ್ಟುವ ಬಿಳಿ ಬಟ್ಟೆ ಹಾಸಿ ಪೆಟ್ರೋಲು ಬಗ್ಗಿಸಿದಳು. ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ತುಕ್ಕು ಒಂದು ಹಿಡಿ ಉಳಿಯಿತು; ಪೈಪಿಗೆ ಸಿಕ್ಕಿ ಗಾಡಿಯನ್ನು ಕೆಮ್ಮಿಸುತ್ತಿದ್ದದ್ದು ಇದೇ.

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಕೆಲಸ ಜಾಸ್ತಿ ಇತ್ತು ಸಿಸ್ಟರ್. ಮೇಲಿಂದಲೇ ಒಂದು ಚೂರು ಪೆಟ್ರೋಲ್ ಹಾಕಿ ಕುಲುಕಿದ್ದೆ. ಕೊಡಿ, ಈಗ್ಲೇ ಒಯ್ದು ಸರಿಯಾಗಿ ತೊಳ್ಕೊಂಡು ಬರ್ತೀನಿ."

"ನೀವು ತೊಳೆಯೋದು ಬೇಡ." ಈಗ ನರ್ಸಕ್ಕನ ಬಾಯಿಗೆ ಮಾತು ಬಂದಿತ್ತು. "ಮೇಸ್ತ್ರಿ ಎರಡು ದಿನ ಕೀವು ಕಟ್ಟಿದ ಕಾಲಿಟ್ಕೊಂಡು ನಂಗೆ ಕಾದಿದ್ದಾನೆ. ನಾನು ಅವನ ಹೆಂಡತಿ ಹತ್ರ, ತಪ್ಪು ನಂದೇ ಕಣಮ್ಮಾ, ನಂಗೇ ಓಡಿಸೋಕೆ ಬರಲ್ಲ ಅಂತ ಹೇಳಿ ಬಂದೆ. ನಿಮ್ಮ ಮಾತು ನಂಬಿ ಹೇಳಿದೆ. ಗೊತ್ತಾ?"

ಆಕೆ ಕೈ ಒರೆಸಿಕೊಂಡು ಒಳಗೆ ಹೋಗಿ ಫೋನು ತಂದು ಮ್ಯಾನೇಜರಿಗೆ ಹಚ್ಚಿ, ಹಿತ್ತಿಲಿಂದ ದೂರ, ಬಾಗಿಲ ಬಳಿ ಅವನ ಕೈಗೆ ಕೊಟ್ಟಳು.

"ಸಾರ್, ಆ ಬೈಕು... ಟ್ಯಾಂಕಲ್ಲಿ ಸ್ವಲ್ಪ ಕಸ ಇತ್ತು ಸಾರ್."

"ಸ್ವಲ್ಪ ಅಲ್ಲ," ಎಂದಳು ಆಕೆ.

"ಜಾಸ್ತಿ ಇತ್ತು ಸಾರ್. ನಾನು ಬಿಚ್ಚಿರ್ಲಿಲ್ಲ. ಸಿಸ್ಟರ್ ಓಡಿಸೋದ್ರಲ್ಲಿ ತಪ್ಪೇನಿಲ್ಲ."

ಫೋನು ಆಕೆಯ ಕೈಗೆ ಬಂತು. "ಸರೀಮ್ಮಾ," ಎಂದರು ಮ್ಯಾನೇಜರು, "ಆದ್ರೆ ಯಾವ ಮನೆಗೆ ಯಾರು ಅಂತ ಹೊಸ ಪಟ್ಟಿ ಬರೆದಾಗಿದೆಯಲ್ಲ."

"ಬರೆದದ್ದನ್ನ ಹೊಡೆದು ಹಾಕಿ ಸಾರ್. ನೀವು ಬೆಂಚಿನ ಮೇಲೆ ಕೇಳಿದ ಮಾತಿಗೆ ಪಟ್ಟಿ ಬರೆದ್ರಿ. ನನ್ನನ್ನ ಒಂದು ಮಾತು ಕೇಳಿದ್ರಾ?"

"ಆಯ್ತು, ನಾಳೆ ಏಳಕ್ಕೆ ಹೊರಡಿ. ಹನ್ನೊಂದೂ ನಿಮ್ಮದೇ," ಎಂದರು. ಕ್ಷಮಿಸಿ ಎನ್ನಲಿಲ್ಲ.

ಗಾಡಿ ಡಾಕ್ಟರು ಯಾವಾಗ ಜಾರಿಕೊಂಡನೋ ಯಾರೂ ನೋಡಲಿಲ್ಲ. ನರ್ಸಕ್ಕ ಟ್ಯಾಂಕಿಗೆ ಸೋಪಿನ ನೀರು ಸುರಿದು, ತುಕ್ಕು ಕೆರೆಯಲೆಂದು ಒಂದು ಹಿಡಿ ಸಣ್ಣ ನಟ್ಟು ಹಾಕಿ, ಬಾಯಿ ಬಿಗಿದು ಮಡಿಲಲ್ಲಿಟ್ಟು ಕುಲುಕತೊಡಗಿದಳು. ಗಲಗಲ ಸದ್ದಿಗೆ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿದರು. ಆಕೆ ನಿಲ್ಲಿಸಲಿಲ್ಲ.

"ಸಾಕಮ್ಮಾ, ರಟ್ಟೆ ಬಿದ್ದುಹೋಗತ್ತೆ," ಎಂದರು ಅತ್ತೆ. "ಗೆದ್ದಾಯ್ತಲ್ಲ."

ನರ್ಸಕ್ಕ ನೀರನ್ನು ಬಕೀಟಿಗೆ ಬಗ್ಗಿಸಿ ನೋಡಿದಳು. "ಇನ್ನೂ ಕೆಂಪಗೇ ಬರ್ತಿದೆ ಅತ್ತೆ," ಎಂದು ಮತ್ತೆ ನೀರು ತುಂಬಿದಳು.